ಹಂಚಿನ ಮಾಡು, ಹೊರಗಿನ ಮೆಟ್ಟಿಲು

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಸಂಘದ ಬಸ್ಸಿನಲ್ಲಿ ಸ್ಕಾಟ್ಲೆಂಡಿನ ಫೈಫ್ ಕರಾವಳಿಗೆ ಹೋಗಿ ಬಂದವರು ರಾಶಿ ಫೋಟೋ ಕಳಿಸಿದ್ದೀರಿ. ನೋಡಿದರೆ ಮುಕ್ಕಾಲು ಪಾಲು ಫೋಟೋಗಳಲ್ಲಿ ಕೆಂಪು ಹಂಚಿನ ಮಾಡು! ಪಿಟನ್‌ವೀಮ್ ಬಂದರಿನ ಹತ್ತಿರ ಬಸ್ಸಿಳಿದ ಕೂಡಲೇ ನಮ್ಮ ಜೊತೆಗಿದ್ದ ಹಿರಿಯರೊಬ್ಬರು "ಇದೇನು, ಗಂಗೊಳ್ಳಿಗೆ ಬಂದ ಹಾಗಾಯ್ತಲ್ಲ" ಅಂದರು. ಮೀನಿನ ವಾಸನೆ, ಬಲೆಯ ಗುಡ್ಡೆ, ತಲೆ ಮೇಲೆ ಕಿರುಚುವ ಹಕ್ಕಿಗಳು, ಹಂಚು. ಚಳಿಯೊಂದು ಬಿಟ್ಟರೆ ನನಗೂ ಹಾಗೇ ಅನ್ನಿಸಿತು. ಆ ಊರುಗಳ ಮನೆಗಳು ಹೇಗೆ ಉಳಿದವು ಅನ್ನುವುದನ್ನು ಬಸ್ಸಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಈ ಸಲದ ಸಂಪಾದಕೀಯ ಅದಕ್ಕೇ ಮೀಸಲು.

ಎಲೀ, ಸೇಂಟ್ ಮೋನನ್ಸ್, ಪಿಟನ್‌ವೀಮ್, ಆನ್‌ಸ್ಟ್ರದರ್, ಕ್ರೇಲ್. ಒಂದರ ಪಕ್ಕ ಒಂದು ಕೂತ ಮೀನುಗಾರರ ಊರುಗಳು. ಹಿಂದಿನ ರಾಜನೊಬ್ಬ ಫೈಫ್ ಸೀಮೆಯನ್ನು ಚಿನ್ನದ ಅಂಚಿರುವ ಭಿಕ್ಷುಕನ ಕಂಬಳಿ ಅಂದಿದ್ದನಂತೆ. ಒಳನಾಡು ಬಡವು, ಕರಾವಳಿ ಶ್ರೀಮಂತ ಅಂತ ಅರ್ಥ. ಹಾಲೆಂಡ್ ಕಡೆಗೆ, ಬಾಲ್ಟಿಕ್ ಕಡೆಗೆ ಇಲ್ಲಿಂದ ಹಡಗು ಹೋಗುತ್ತಿದ್ದ ಕಾಲದ ಮಾತು ಅದು. ಕ್ರೇಲ್ ಊರಿನ ಟೋಲ್‌ಬೂತ್, ಅಂದರೆ ಹಳೇ ಪುರಭವನದ, ಗೋಪುರದ ಗಂಟೆ ಹಾಲೆಂಡಿನಿಂದ ಬಂದದ್ದು, ಅದರ ಮೇಲೆ 1520 ಅಂತ ಇಸವಿ ಇದೆ. ಅದೇ ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸಲು ತಿರುಗುವುದು ಬೇರೆ ಕಡೆಯ ಹಾಗೆ ಲೋಹದ ಹುಂಜ ಅಲ್ಲ, ಚಿನ್ನದ ಬಣ್ಣದ ಒಂದು ಹ್ಯಾಡಕ್ ಮೀನು. ಒಣಗಿಸಿದ ಹ್ಯಾಡಕ್ಕಿಗೆ ಈ ಊರು ಅಷ್ಟು ಹೆಸರುವಾಸಿಯಾಗಿತ್ತು. ಒಣಮೀನಿನ ಮೇಲೆ ಬದುಕಿದ ಊರು ಅದನ್ನು ಗೋಪುರದ ಮೇಲೆ ಏರಿಸಿದೆ. ನನಗೆ ಇದು ತುಂಬಾ ಇಷ್ಟವಾಯಿತು.

ಹಂಚಿನ ಕತೆಯೂ ಹಡಗಿನದೇ. ಎಸ್ ಆಕಾರದ ಆ ಹಂಚಿಗೆ ಇಲ್ಲಿ ಪ್ಯಾನ್‌ಟೈಲ್ ಅನ್ನುತ್ತಾರೆ. ಮೊದಮೊದಲು ಹಾಲೆಂಡ್ ಕಡೆಯಿಂದ ಬರುತ್ತಿತ್ತು. ಹದಿನೆಂಟನೇ ಶತಮಾನದಲ್ಲಿ ಇಲ್ಲೇ ಸುಡಲು ಶುರು ಮಾಡಿದರು. ಹುಲ್ಲಿನ ಮಾಡು ಹೋಯಿತು, ಹಂಚಿನ ಮಾಡು ಬಂತು. ನಮ್ಮಲ್ಲಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಆದದ್ದೂ ಇದೇ ಅಲ್ವಾ? ಹಂಚು ಬೇರೆ, ಬಣ್ಣ ಒಂದೇ.

ಈಗ ಒಂದು ಮನೆ ಹತ್ತಿರದಿಂದ ನೋಡೋಣ. ಬಂದರಿನ ಮೇಲಿನ ಓಣಿಯಲ್ಲಿ ನಾವೆಲ್ಲ ನಿಂತು ಫೋಟೋ ತೆಗೆದೆವಲ್ಲ, ಅದೇ ಮನೆ. ಬೀದಿಯಿಂದಲೇ ಕಲ್ಲಿನ ಮೆಟ್ಟಿಲು ಮೇಲಂತಸ್ತಿನ ಬಾಗಿಲಿಗೆ ಹೋಗುತ್ತದೆ. ಮೆಟ್ಟಿಲು ಮನೆಯ ಒಳಗಿಲ್ಲ, ಹೊರಗಿದೆ. ಯಾಕೆಂದರೆ ಕೆಳಗಿನ ಕೋಣೆ ಮನುಷ್ಯರಿಗಲ್ಲ, ಬಲೆಗೆ, ಹಗ್ಗಕ್ಕೆ, ದೋಣಿಯ ಸಾಮಾನಿಗೆ. ಇಂಥ ಮನೆಗಳ ಮೆಟ್ಟಿಲ ಬುಡದಲ್ಲಿ ಕೂತು ಹೆಂಗಸರು ಪಚ್ಚಿಲೆ ಅನ್ನುವ ಚಿಪ್ಪುಜೀವಿಯನ್ನು ಬಿಡಿಸಿ, ಒಂದೊಂದು ಗಾಳದ ದಾರದ ನೂರಾರು ಕೊಕ್ಕೆಗಳಿಗೆ ಒಂದೊಂದಾಗಿ ಸಿಕ್ಕಿಸುತ್ತಿದ್ದರು, ಗಂಡಸರು ಸಮುದ್ರದಲ್ಲಿ ಎಷ್ಟು ದುಡಿದರೋ ಇವರೂ ದಡದಲ್ಲಿ ಅಷ್ಟೇ ದುಡಿದರು, ಆ ಚಳಿಯಲ್ಲಿ, ಒದ್ದೆ ಕೈಯಲ್ಲಿ. ಬಾಗಿಲ ಮೇಲಿನ ಕಲ್ಲಿನಲ್ಲಿ ಎರಡು ಜೋಡಿ ಅಕ್ಷರ, ನಡುವೆ ಒಂದು ಇಸವಿ. ಗಂಡ ಹೆಂಡತಿಯ ಹೆಸರಿನ ಮೊದಲಕ್ಷರಗಳು ಅವು. ಹೆಂಡತಿಯದು ಅವಳ ತವರಿನ ಹೆಸರು. ಗೋಡೆಯ ನೆತ್ತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅದಕ್ಕೆ ಇಲ್ಲಿಯವರು ಕಾಗೆ ಮೆಟ್ಟಿಲು ಅನ್ನುತ್ತಾರೆ. ಮಾಡಿನ ಕೆಳಗಿನ ಅಂಚಿನಲ್ಲಿ ಮಾತ್ರ ಹಂಚಿನ ಬದಲು ಎರಡು ಮೂರು ಸಾಲು ಕಪ್ಪು ಕಲ್ಲಿನ ಚಪ್ಪಡಿ. ನೀರು ಜಾಸ್ತಿ ಸೇರುವ ಜಾಗ ಅದು, ಸೋರಬಾರದು ಅಂತ.

ಇಂಥ ಮನೆಗಳು ಸುಮ್ನೆ ಉಳಿದು ಬಂದಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಊರುಗಳ ಮುಂದಿನ ಕೊಲ್ಲಿಯ ಹೆರಿಂಗ್ ಮೀನು ಹೆಚ್ಚುಕಡಿಮೆ ಮಾಯವಾಗಿತ್ತು. ಮನೆಗಳಲ್ಲಿ ತೇವ, ತಗ್ಗು ಮಾಡು, ಶೌಚಾಲಯ ಇಲ್ಲ. ಜನ ಊರಾಚೆಯ ಹೊಸ ಸರ್ಕಾರಿ ಮನೆಗಳಿಗೆ ಹೋದರು. ಅವರನ್ನು ತಪ್ಪು ಅನ್ನಲಾಗದು, ಯಾರಿಗೆ ತಾನೇ ಬಿಸಿನೀರು ಬೇಡ? ಖಾಲಿ ಮನೆಗಳು ವಾಸಕ್ಕೆ ಯೋಗ್ಯವಲ್ಲ ಅನ್ನಿಸಿಕೊಂಡು ಒಂದೊಂದಾಗಿ ಬೀಳತೊಡಗಿದವು.

ಇವುಗಳ ಬೆಲೆ ಗೊತ್ತಿದ್ದವರೂ ಇದ್ದರು. 1930ರ ದಶಕದಲ್ಲೇ ಬ್ಯೂಟ್ ಪ್ರಭುವಿನ ಆಸಕ್ತಿಯಿಂದ ಇಯಾನ್ ಲಿಂಡ್ಸೆ ಎಂಬ ವಾಸ್ತುಶಿಲ್ಪಿ ಸ್ಕಾಟ್ಲೆಂಡಿನ ಹಳೇ ಪಟ್ಟಣಗಳ ಮನೆಗಳನ್ನು ಪಟ್ಟಿ ಮಾಡಿದ್ದರು. ಅರಮನೆ ಕೋಟೆಗಳನ್ನು ಬರೆದಿಡುವವರು ಎಲ್ಲ ಕಡೆ ಸಿಗುತ್ತಾರೆ. ಸಣ್ಣವರ ಸಣ್ಣ ಮನೆಯೂ ಲೆಕ್ಕಕ್ಕೆ ಬರಬೇಕು ಅಂದವರು ಆಗ ಕಡಿಮೆ. ಆಮೇಲೆ 1960ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ 'ಲಿಟಲ್ ಹೌಸಸ್' (ಸಣ್ಣ ಮನೆಗಳು) ಯೋಜನೆ ಶುರು ಮಾಡಿತು. ಪಿಟನ್‌ವೀಮ್ ಹತ್ತಿರದ ಕೆಲ್ಲಿ ಕೋಟೆಯಲ್ಲಿದ್ದ ಶಿಲ್ಪಿ ಹ್ಯೂ ಲೋರಿಮರ್ ಫೈಫಿನಲ್ಲಿ ಇದಕ್ಕಾಗಿ ಓಡಾಡಿದರು.

ಯೋಜನೆ ಬಹಳ ಸರಳ. ಬೀಳುತ್ತಿರುವ ಮನೆಯನ್ನು ಕಡಿಮೆ ದುಡ್ಡಿಗೆ ಕೊಳ್ಳಬೇಕು. ಹೊರಗಿನ ಗೋಡೆ, ಮಾಡು, ಮೆಟ್ಟಿಲು ಇದ್ದ ಹಾಗೇ ಇರಬೇಕು, ಒಳಗೆ ಮಾತ್ರ ಬಚ್ಚಲು, ಅಡುಗೆಮನೆ, ಕರೆಂಟು ಎಲ್ಲ ಹೊಸದು. ರಿಪೇರಿ ಮುಗಿದ ಮೇಲೆ ವಾಸ ಮಾಡುವವರಿಗೆ ಮಾರಬೇಕು. ಬಂದ ದುಡ್ಡಿನಲ್ಲಿ ಮುಂದಿನ ಮನೆ. ನಮ್ಮ ಊರಿನ ಚೀಟಿ ದುಡ್ಡಿನ ಹಾಗೆ ಅದೇ ದುಡ್ಡು ಸುತ್ತುತ್ತಲೇ ಇರುತ್ತದೆ. ಜೊತೆಗೆ ಒಂದು ಷರತ್ತು: ಮುಂದೆ ಯಾರ ಕೈಗೆ ಹೋದರೂ ಟ್ರಸ್ಟಿನ ಒಪ್ಪಿಗೆ ಇಲ್ಲದೆ ಮನೆಯ ಹೊರರೂಪ ಬದಲಿಸುವ ಹಾಗಿಲ್ಲ. 1938ರ ಒಂದು ಕಾಯ್ದೆ ಟ್ರಸ್ಟಿಗೆ ಇಂಥ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಕೊಟ್ಟಿದೆ. ಕ್ರೇಲ್ ಬಂದರಿನ ಮೇಲಿನ ಸಾಲು, ಪಿಟನ್‌ವೀಮಿನ ಗೈಲ್ಸ್ ಮನೆಗಳು, ಫೈಫಿನದೇ ಡೈಸಾರ್ಟ್ ಊರಿನ ಪ್ಯಾನ್ ಹಾ ಮನೆಗಳು, ಎಲ್ಲ ಹೀಗೆ ಉಳಿದವು.

ನಮ್ಮ ಕರಾವಳಿಯಲ್ಲೂ ಇಂಥ ಹಟ ಹಿಡಿದವರು ಇದ್ದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು, 'ಹಸ್ತಶಿಲ್ಪ' ಎಂಬ ಹಳೇ ಮನೆಗಳ ಸಂಗ್ರಹಾಲಯದಲ್ಲಿ ತೊಲೆ ತೊಲೆ ಜೋಡಿಸಿ ಮತ್ತೆ ನಿಲ್ಲಿಸಿದರು. ಅದು ಒಬ್ಬ ಮನುಷ್ಯನ ಆಯುಷ್ಯದ ಕೆಲಸ, ಕೈ ಮುಗಿಯಬೇಕು. ಆದರೂ ನನ್ನ ಮನಸ್ಸು ಇರುವುದು ಮನೆ ಇದ್ದ ಜಾಗದಲ್ಲೇ ಇರುವ ಕಡೆಗೆ, ಒಲೆ ಉರಿಯುವ ಕಡೆಗೆ.

ಫೈಫಿನಲ್ಲಿ ಎಲ್ಲ ಸರಿಯಾಯಿತು ಅಂತ ಹೇಳಲಾರೆ. ಚಂದದ ಮನೆಗಳ ಬೆಲೆ ಏರಿತು. ಎಲೀ, ಕ್ರೇಲ್ ಕಡೆ ಎಷ್ಟೋ ಮನೆಗಳು ಈಗ ಪಟ್ಟಣದವರ ರಜೆಯ ಮನೆಗಳು. ಚಳಿಗಾಲದ ಸಂಜೆ ಹೋದರೆ ಸಾಲು ಸಾಲು ಕಿಟಕಿ ಕತ್ತಲು. ಪಿಟನ್‌ವೀಮಿನಲ್ಲಿ ಇನ್ನೂ ಸಿಗಡಿ, ಏಡಿ ಹಿಡಿಯುವ ದೋಣಿಗಳಿವೆ, ಅಲ್ಲಿ ಬಂದರು ಬದುಕಿದೆ. ಆದರೆ ಬಲೆ ಇಡಲು ಕಟ್ಟಿದ ಮನೆಯನ್ನು ಕೊಳ್ಳುವುದು ಈಗ ದೋಣಿಯವನಿಗೆ ಕಷ್ಟ. ಮನೆ ಉಳಿಸುವಾಗ ಅದರೊಳಗಿನ ಜನರನ್ನೂ ಉಳಿಸುವ ದಾರಿ ಹುಡುಕಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಕುಂದಾಪುರದ ಹತ್ತಿರ ನನ್ನ ಅಜ್ಜಿ ಮನೆ ಇತ್ತು. ಮುರಕಲ್ಲಿನ ಗೋಡೆ, ಮರದ ಮುಚ್ಚಿಗೆ, ಮಳೆಗಾಲದಲ್ಲಿ ಒಣಮೀನು ಕಟ್ಟಿಡುವ ಅಟ್ಟ. ಅದನ್ನು ಕೆಡವಿದ್ದು ನಾವೇ, ಮನೆಯವರೇ. ಗೆದ್ದಲು, ಸೋರಿಕೆ, ಪಾಲು, ಕಾರಣ ಬೇಕಾದಷ್ಟು ಇದ್ದವು. ನಾನು ಇಲ್ಲಿಂದ ಫೋನಿನಲ್ಲೇ ಸರಿ ಅಂದೆ. ಕೆಡವುವ ಮೊದಲು ಒಂದು ಅಳತೆ ತೆಗೆಯಿರಿ, ನಾಲ್ಕು ಫೋಟೋ ತೆಗೆಯಿರಿ ಅನ್ನಲು ನನಗೆ ಹೊಳೆಯಲೇ ಇಲ್ಲ. ಈಗ ಜಗಲಿಯ ಕಂಬ ಎಷ್ಟಿದ್ದವು ಅಂತ ತಮ್ಮನನ್ನು ಕೇಳಿದರೆ ಅವನು ನಾಲ್ಕು ಅನ್ನುತ್ತಾನೆ, ನಾನು ಆರು ಅನ್ನುತ್ತೇನೆ.

ಹಾಗಾಗಿ ಒಂದು ಕೋರಿಕೆ. ಈ ಡಿಸೆಂಬರಿನಲ್ಲಿ ಊರಿಗೆ ಹೋಗುವವರು ನಿಮ್ಮ ಅಜ್ಜನ ಮನೆಯೋ, ಪಕ್ಕದವರ ಮನೆಯೋ, ಇನ್ನೂ ನಿಂತಿರುವ ಹಳೇ ಮನೆಯೊಂದರ ಫೋಟೋ ತೆಗೆದು ಕಳಿಸಿ. ಕರಾವಳಿಯದೇ ಆಗಬೇಕಿಲ್ಲ, ಬಯಲುಸೀಮೆಯ ತೊಟ್ಟಿಮನೆ, ಉತ್ತರದ ಮಣ್ಣಿನ ಮಾಳಿಗೆ ಮನೆಯೂ ಸರಿ. ಮನೆಯವರ ಒಪ್ಪಿಗೆ ಕೇಳಿ ತೆಗೆಯಿರಿ. ಟೇಪು ಹಿಡಿದು ಬಾಗಿಲಿನ ಎತ್ತರ, ಜಗಲಿಯ ಉದ್ದ ಬರೆದುಕೊಳ್ಳಿ. ಮುಖ್ಯವಾಗಿ, ಮನೆಯ ಒಂದೊಂದು ಭಾಗಕ್ಕೆ ನಿಮ್ಮಲ್ಲಿ ಏನು ಹೆಸರು ಅಂತ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೇ ಬರೆಯಿರಿ. ಮುಂದಿನ ಸಂಚಿಕೆಯಿಂದ ಒಂದೊಂದು ಮನೆಗೆ ಒಂದು ಪುಟ ಕೊಡುತ್ತೇವೆ. ಕಂಬ ಎಣಿಸುವುದನ್ನು ಮರೆಯಬೇಡಿ.

ನಿಮ್ಮ,
ಸಂಪಾದಕ