ಆಗರದ ಪಾಚಿಗೆ ಮಳೆಯ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಪಾಚಿ ಬೆಳೆಸಿ ವಿಟಮಿನ್ ಮಾಡಿ, ಲಕ್ಷಗಟ್ಟಲೆ ದುಡಿಯಿರಿ ಎನ್ನುವ ವಿಡಿಯೋಗಳು ಈಗ ನಮ್ಮ ಕಡೆಯ ಮೊಬೈಲ್‌ಗಳಿಗೂ ಬಂದಿವೆ. ನಮ್ಮ ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರದಲ್ಲೂ ಮಾಡಬಹುದಲ್ವಾ ಎಂದು ಪರಿಚಯದವರು ಕೇಳಿದರು. ಮಾಡಬಹುದೇನೋ. ಆದರೆ ಆ ವಿಡಿಯೋಗಳಲ್ಲಿ ಮಳೆಯ ಮಾತೇ ಇಲ್ಲ.

ಅವರು ಹೇಳುವ ಪಾಚಿ ಡುನಾಲಿಯೆಲ್ಲಾ. 1838ರಲ್ಲಿ ಡುನಾಲ್ ಎಂಬವರು ಇದನ್ನು ಕಂಡಿದ್ದೂ ಫ್ರಾನ್ಸಿನ ಉಪ್ಪಿನ ಆಗರದಲ್ಲೇ. ಬಿಸಿಲು ಜೋರಾಗಿ, ಸಾರಜನಕ ಕಮ್ಮಿಯಾದರೆ ಇದು ಕೊಡೆ ಬಿಚ್ಚಿದ ಹಾಗೆ ಮೈತುಂಬ ಬೀಟಾ ಕ್ಯಾರೊಟಿನ್ ಎಂಬ ಬಣ್ಣದ ವಸ್ತು ತುಂಬಿಕೊಳ್ಳುತ್ತದೆ. ಒಣತೂಕದ ಶೇ 10ರಷ್ಟು ಅದೇ ಇರಬಹುದು. ಹಸಿರು ಪಾಚಿ ಕೆಂಪಾಗುತ್ತದೆ. ನಮ್ಮ ದೇಹ ಈ ಬಣ್ಣವನ್ನು ಎ ವಿಟಮಿನ್ ಮಾಡಿಕೊಳ್ಳುತ್ತದೆ.

ಉಪ್ಪೇ ಇದಕ್ಕೆ ಬೇಲಿ. ಅಷ್ಟು ಉಪ್ಪುನೀರಿನಲ್ಲಿ ಇದನ್ನು ತಿನ್ನುವ ಹುಳಗಳು ಬದುಕುವುದು ಕಷ್ಟ. ಮಳೆ ಬಿದ್ದು ನೀರು ಸಪ್ಪೆಯಾಯಿತೋ, ಬೇಲಿ ಮುರಿದ ಗದ್ದೆಗೆ ದನ ನುಗ್ಗಿದ ಹಾಗೆಯೇ. ಇದನ್ನು ಬೆಳೆಯುವ ಇಸ್ರೇಲಿನ ಐಲಾಟ್‌ನಲ್ಲಿ ವರ್ಷಕ್ಕೆ 50 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ನಮ್ಮ ಕುಮಟಾದಲ್ಲಿ 3000 ದಾಟುತ್ತದೆ! ಹಾಗಾಗಿ ಇಲ್ಲಿ ಉಪ್ಪು ತೆಗೆಯುವ ಬೇಸಿಗೆಯ ನಾಲ್ಕು ತಿಂಗಳು ಮಾತ್ರ ಪಾಚಿಗೂ ಸಿಗುವುದು.

ಬೆಳೆದರೂ ಸೋಸುವುದು ಸುಮ್ನೆ ಆಗುವ ಕೆಲಸವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಮೇಲೆ ಗಟ್ಟಿ ಸಿಪ್ಪೆಯೂ ಇಲ್ಲ. ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಗರಗರ ತಿರುಗಿಸಿ ಬೇರ್ಪಡಿಸುವ ಯಂತ್ರ ಬೇಕು. ಗಾಳಿ, ಬೆಳಕು ತಗುಲಿದರೆ ಬಣ್ಣದ ಜೊತೆ ಸತ್ವವೂ ಹೋಗುತ್ತದೆ. (ಇನ್ನೊಂದು ಮಾತು: ಬೀಡಿ, ಸಿಗರೇಟು ಸೇದುವವರು ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಬಾರದು. 1994ರಲ್ಲಿ ಪ್ರಕಟವಾದ ಫಿನ್ಲೆಂಡಿನ ದೊಡ್ಡ ಅಧ್ಯಯನದಲ್ಲಿ, ದಿನಾ 20 ಮಿಲಿಗ್ರಾಂ ನುಂಗಿದ ಧೂಮಪಾನಿಗಳಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯೇ ಬಂದಿತ್ತು.)

ಬೇಡವೆಂದು ನಾನು ಹೇಳುತ್ತಿಲ್ಲ. ಸ್ಪಿರುಲಿನಾ ಎಂಬ ಇನ್ನೊಂದು ಪಾಚಿ ಬೆಳೆಸಿ ಪಳಗಿದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೈಸೂರಿನಲ್ಲೇ ಇದೆ. ಸರ್ಕಾರ ಅಲ್ಲಿನವರನ್ನು ಕರೆತಂದು, ಸರ್ಕಾರದ್ದೇ ಖರ್ಚಿನಲ್ಲಿ, ಒಂದೆರಡು ಆಗರದಲ್ಲಿ ಒಂದು ಬೇಸಿಗೆ ಬೆಳೆಸಿ ನೋಡಲಿ. ಕಿಲೋಗೆ ಎಷ್ಟು ಬಿತ್ತು, ಯಾರು ಕೊಂಡರು ಎಂಬ ಲೆಕ್ಕ ಆಗರದವರ ಮುಂದೆ ಇಡಲಿ. ಅಲ್ಲಿಯವರೆಗೆ ಯಾರೂ ಸಾಲ ಮಾಡಿ ಹೊಂಡ ತೋಡಬೇಡಿ.

– ಓದುಗ, ಕುಮಟಾ