ನಮ್ಮ ರೋಬೊ ಟೀಮ್‌ನ ಸೈಟ್ ಒಪ್ಪಿಸಿ ಹೊರಡುವ ಮುನ್ನ

ನಿನ್ನೆ ಸಂಜೆ ನಮ್ಮ ಕಾಲೇಜಿನ ರೋಬೊಟಿಕ್ಸ್ ಟೀಮ್‌ನ ವೆಬ್‌ಸೈಟನ್ನು ಜೂನಿಯರ್‌ಗಳಿಗೆ ಒಪ್ಪಿಸಿದೆ. ಪಾಸ್‌ವರ್ಡ್, ಡೊಮೇನ್ (ಸೈಟ್‌ನ ವಿಳಾಸ), ಕೋಡ್ ಇಡುವ ಗಿಟ್‌ಹಬ್ ಖಾತೆ, ಎಲ್ಲ ಈಗ ಅವರದು. ಮೂರು ವರ್ಷ ದಿನಾ ತೆರೆದು ನೋಡಿದ ಸೈಟ್ ಅದು. ಹುಬ್ಬಳ್ಳಿ ಬಿಡುವ ಮೊದಲು ಕೆಲವರಿಗೆ ಥ್ಯಾಂಕ್ಸ್ ಹೇಳಲೇಬೇಕು.

ನಾನು ಟೀಮ್ ಸೇರಿದ್ದು 2022ರಲ್ಲಿ. ಆ ವರ್ಷ ಎಬಿಯು ರೋಬೊಕಾನ್, ಅಂದರೆ ಏಷ್ಯಾ-ಪೆಸಿಫಿಕ್ ದೇಶಗಳ ಕಾಲೇಜು ರೋಬೊ ಸ್ಪರ್ಧೆ, ನಡೆದದ್ದು ದಿಲ್ಲಿಯಲ್ಲಿ. ಆಟ ಯಾವುದು ಗೊತ್ತಾ? ನಮ್ಮ ಲಗೋರಿ! ಓಣಿಯಲ್ಲಿ ಹೆಂಚಿನ ಚೂರು ಪೇರಿಸಿ ಆಡಿದ್ದನ್ನೇ ರೋಬೊಟ್‌ಗಳು ಆಡಬೇಕು. ಒಂದು ರೋಬೊ ಚೆಂಡು ಎಸೆದು ಬೀಳಿಸುತ್ತದೆ, ಇನ್ನೊಂದು ಮತ್ತೆ ಪೇರಿಸುತ್ತದೆ. ನನಗೆ ಆಗ ವೆಲ್ಡಿಂಗ್ ಬರುತ್ತಿರಲಿಲ್ಲ, ಸರ್ಕ್ಯೂಟೂ ಗೊತ್ತಿರಲಿಲ್ಲ. ಮೆಕ್ಯಾನಿಕಲ್‌ನ ಸೀನಿಯರ್ ಅಕ್ಕ ಒಬ್ಬರು ಕರೆದು ಕೂರಿಸಿಕೊಂಡು, "ನೀನು ಎಲ್ಲಾ ಬರೆದಿಡು ತಮ್ಮಾ. ನಾವು ಹೋದ ಮೇಲೆ ಕೇಳೋಕೆ ಯಾರೂ ಇರಲ್ಲ" ಅಂದರು.

ಅವರ ಮಾತು ಎಷ್ಟು ನಿಜ ಅಂತ ಆಮೇಲೆ ತಿಳಿಯಿತು. ರೋಬೊಕಾನ್‌ನಲ್ಲಿ ವರ್ಷ ವರ್ಷ ಆಟ ಬದಲಾಗುತ್ತದೆ. 2023ರಲ್ಲಿ ಆತಿಥ್ಯ ವಹಿಸಿದ ಕಾಂಬೋಡಿಯಾದವರು ಕಂಬಕ್ಕೆ ಬಳೆ ಎಸೆಯುವ ಆಟ ಕೊಟ್ಟರು. 2024ರಲ್ಲಿ ವಿಯೆಟ್ನಾಂನ ಭತ್ತದ ನಾಟಿ, 2025ರಲ್ಲಿ ಮಂಗೋಲಿಯಾದ ಬ್ಯಾಸ್ಕೆಟ್‌ಬಾಲ್. ಹಳೇ ರೋಬೊ ಬಿಚ್ಚಿ ಅದರ ಮೋಟಾರನ್ನೇ ಹೊಸದಕ್ಕೆ ಹಾಕುತ್ತೇವೆ. ಕಟ್ಟಿದವರು ಪಾಸಾಗಿ ಹೋಗುತ್ತಾರೆ. ಬರೆದಿಟ್ಟಿದ್ದು ಮಾತ್ರ ಉಳಿಯುತ್ತದೆ, ಅಲ್ವಾ?

ಲಗೋರಿ ಬಿಲ್ಲೆ ರೋಬೊದ ಗ್ರಿಪ್ಪರ್‌ನಿಂದ, ಅಂದರೆ ಹಿಡಿಯುವ ಕೈಯಿಂದ, ಜಾರುತ್ತಿತ್ತು. ಅಕ್ಕ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ಒಳಮೈ ಹೊರಗೆ ಬರುವಂತೆ ಗ್ರಿಪ್ಪರ್‌ನ ಬೆರಳಿಗೆ ಅಂಟಿಸಿದರು. ಎಷ್ಟು ಅಗಲ, ಯಾವ ಅಂಟು, ಎಷ್ಟು ಹೊತ್ತು ಒಣಗಬೇಕು, ಎಲ್ಲ ಸೈಟ್‌ನಲ್ಲಿ ಬರೆದು ನಾಲ್ಕು ಫೋಟೊ ಹಾಕಿದೆ. ಎರಡು ವರ್ಷದ ನಂತರ ನಾಟಿಯ ಸಸಿ ಜಾರತೊಡಗಿದಾಗ ಸೆಕೆಂಡ್ ಇಯರ್ ಹುಡುಗನೊಬ್ಬ ಆ ಪುಟ ತೆರೆದು, ಟ್ಯೂಬ್ ಹುಡುಕಿಕೊಂಡು ಹೊರಟ. ಅವನು ಅಕ್ಕನನ್ನು ನೋಡೇ ಇರಲಿಲ್ಲ. ಆ ಸಂಜೆ ನನಗೆ ಆದ ಖುಷಿ ಹೇಳಲು ಬರುವುದಿಲ್ಲ.

ಇನ್ನು ಆ ಕೆಟ್ಟ ವಾರ. ಡೊಮೇನ್ ಒಬ್ಬ ಸೀನಿಯರ್ ಅಣ್ಣನ ಕಾಲೇಜು ಮೇಲ್‌ನಲ್ಲಿತ್ತು. ಅವರು ಪಾಸಾದ ಮೇಲೆ ಆ ಮೇಲ್ ಬಂದ್ ಆಗಿತ್ತು, ಡೊಮೇನ್ ನವೀಕರಿಸಿ ಅಂತ ನೆನಪಿಸುವ ಮೇಲ್‌ಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಒಂದು ಬೆಳಿಗ್ಗೆ ನೋಡಿದರೆ ಸೈಟೇ ಇಲ್ಲ. ಅವಧಿ ಮುಗಿದ ಡೊಮೇನನ್ನು ರಿಡೆಂಪ್ಷನ್ ಅನ್ನುವ ಕೊನೆಯ ಅವಕಾಶದ 30 ದಿನದೊಳಗೆ ಬಿಡಿಸಿಕೊಳ್ಳಬೇಕು, ದುಡ್ಡೂ ಜಾಸ್ತಿ. ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು, ಮಲಗದೆ ಡೊಮೇನ್ ಕಂಪನಿಗೆ ಮೇಲ್ ಮೇಲೆ ಮೇಲ್ ಬರೆದು, ತಮ್ಮ ಗುರುತಿನ ಚೀಟಿ ಕಳಿಸಿ, ತಮ್ಮ ಮೊದಲ ಸಂಬಳದಲ್ಲೇ ದುಡ್ಡು ಕಟ್ಟಿದರು. ವಾಪಸ್ ಕೊಡಲು ಹೋದರೆ, "ಆ ದುಡ್ಡಲ್ಲಿ ಬೇರಿಂಗ್ ತಗೊಳ್ರೋ" ಅಂದರು. ಅಣ್ಣಾ, ತಗೊಂಡ್ವಿ. ಡೊಮೇನ್ ಈಗ ಟೀಮ್‌ನ ಸ್ವಂತ ಮೇಲ್‌ನಲ್ಲಿದೆ, ಇಬ್ಬರ ಫೋನಿಗೆ ಓಟಿಪಿ ಬರುತ್ತದೆ.

ಗೋಕುಲ ರಸ್ತೆಯ ವರ್ಕ್‌ಶಾಪ್ ಮಾಲೀಕರಿಗೂ ನಮಸ್ಕಾರ. ಸೈಟ್‌ನಲ್ಲಿ ನಮ್ಮ ಕೆಲಸ ನೋಡಿ ಅಲ್ಯೂಮಿನಿಯಂ ಸೆಕ್ಷನ್ ಸುಮ್ನೆ ಕೊಟ್ಟರು. ಅಟೆಂಡರ್ ಕಾಕಾ, ರಾತ್ರಿ ಹತ್ತರವರೆಗೂ ಲ್ಯಾಬ್ ತೆರೆದಿಟ್ಟು ನಮಗಾಗಿ ಕಾದಿರಿ. ಎಂಟು ಎಂಬಿ ಫೋಟೊಗಳನ್ನು ಒಂದೊಂದಾಗಿ ಚಿಕ್ಕದು ಮಾಡಿಕೊಟ್ಟ ರೂಮ್‌ಮೇಟ್, ನೀನಿಲ್ಲದಿದ್ದರೆ ಹಾಸ್ಟೆಲ್ ವೈಫೈಯಲ್ಲಿ ಆ ಪುಟಗಳು ತೆರೆಯುತ್ತಲೇ ಇರಲಿಲ್ಲ.

ಅಕ್ಕಾ, ಜೂನಿಯರ್ ಹುಡುಗಿ ನಿನ್ನೆ ತನ್ನ ಮೊದಲ ಪುಟ ಹಾಕಿದಳು. ಬ್ಯಾಸ್ಕೆಟ್‌ಬಾಲ್ ರೋಬೊದ ಚೆಂಡು ಹಿಡಿಯುವ ಕೈ ಬಗ್ಗೆ. ಅದರಲ್ಲಿ ನಿಮ್ಮ ಟ್ಯೂಬ್ ಪುಟಕ್ಕೆ ಲಿಂಕ್ ಕೊಟ್ಟಿದ್ದಾಳೆ.