ಬಸ್ಯಾ, ನಿಮ್ಮಜ್ಜಿ ಚೆನ್ನಾಗಿದ್ದಾರೆ

ಲೇ ಬಸ್ಯಾ,

ಅಮೆರಿಕದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿಗೆ, ಅಂದರೆ ಎಂಬಿಬಿಎಸ್ ಆದಮೇಲಿನ ತರಬೇತಿ ಸೀಟಿಗೆ, ಹಾಕುವ ಅರ್ಜಿ ಹೇಗಿರಬೇಕು ಅಂತ ಕೇಳಿ ನೀನು ಕಳಿಸಿದ ಪರ್ಸನಲ್ ಸ್ಟೇಟ್‌ಮೆಂಟ್, ಅದೇ ನಿನ್ನ ಬಗ್ಗೆ ನೀನೇ ಬರೆದುಕೊಂಡ ಪುಟ, ಓದಿದೆ. ಮೊದಲ ಸಾಲಿನಲ್ಲೇ ನಿಮ್ಮಜ್ಜಿ ತೀರಿಕೊಂಡಿದ್ದಾರೆ. ಮೂರನೇ ಸಾಲಿಗೆ ನೀನು ಆ ದುಃಖದಲ್ಲಿ ಸ್ಟೆಪ್ 1, ಅಮೆರಿಕದ ಡಾಕ್ಟರ್ ಲೈಸೆನ್ಸಿನ ಮೂರು ಪರೀಕ್ಷೆಗಳಲ್ಲಿ ಮೊದಲನೆಯದು, ಫೇಲಾಗಿದ್ದೀಯ. ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆನೇನೋ, ಆದರೆ ಹೋದ ಮಂಗಳವಾರವಷ್ಟೇ ನಿಮ್ಮಜ್ಜಿ ಕನಕ ದುರ್ಗಮ್ಮನ ಗುಡಿ ಹತ್ತಿರ ಸಿಕ್ಕಿದ್ದರು. ಬಾಳೆಹಣ್ಣಿನವನ ಜೊತೆ ಐದು ರೂಪಾಯಿಗೆ ಜಗಳ ಆಡುತ್ತಿದ್ದರು. ಗೆದ್ದರು ಕೂಡ.

ಇದನ್ನು ಎಲ್ಲರೂ ಓದುವ ಕಡೆ ಹಾಕಿದ್ದಕ್ಕೆ ಬೈಬೇಡ. ನಿನ್ನ ಹೆಸರು ಬದಲಿಸಿದ್ದೇನೆ. ನಮ್ಮ ಮೆಡಿಕಲ್ ಬ್ಯಾಚಿನವರಿಗೆ ಗೊತ್ತಾಗುತ್ತೆ, ಅವರಿಗೆ ಹೇಗೂ ನಿನ್ನ ಕಥೆಯೆಲ್ಲ ಗೊತ್ತು. ಬಳ್ಳಾರಿ, ರಾಯಚೂರು ಕಡೆಯ ಹುಡುಗರು ಇದೇ ವಿಷಯ ಕೇಳಿ ಮೆಸೇಜ್ ಹಾಕುತ್ತಿರುತ್ತಾರೆ. ಸೋತು ಬಂದವನನ್ನೇ ಯಾಕೆ ದಾರಿ ಕೇಳುತ್ತಾರೋ ಗೊತ್ತಿಲ್ಲ. ಗುಂಡಿ ಎಲ್ಲೆಲ್ಲಿದೆ ಅಂತ ಬಿದ್ದವನಿಗೆ ಜಾಸ್ತಿ ಗೊತ್ತಿರುತ್ತೆ ಅಂತಿರಬೇಕು.

ನಂಬರಿನ ಮಾತು ಮೊದಲು ಮುಗಿಸೋಣ. 2022ರ ಜನವರಿಯಲ್ಲಿ ಸ್ಟೆಪ್ 1 ಬರೀ ಪಾಸು, ಫೇಲು ಆದಾಗ ನಾವು ಹಾಸ್ಟೆಲಿನಲ್ಲಿ ಕುಣಿದಿದ್ದೆವು, ನಮ್ಮಂಥವರು ಬದುಕಿಕೊಂಡ್ವಿ ಅಂತ. ಆಗಿದ್ದೇನು? ಭಾರವೆಲ್ಲ ಸ್ಟೆಪ್ 2 ಮೇಲೆ ಬಿತ್ತು. ಅದರಲ್ಲಿ ನಿನ್ನದು 226. 2025ರ ಜುಲೈಯಿಂದ ಪಾಸಾಗೋಕೆ 218 ಬೇಕು, ಆ ಲೆಕ್ಕದಲ್ಲಿ ನೀನು ಸುಖವಾಗಿದ್ದೀಯ. ಆದರೆ ನೀನು ಕೇಳುತ್ತಿರುವ ಇಂಟರ್ನಲ್ ಮೆಡಿಸಿನ್ (ನಮ್ಮ ಕಡೆಯ ಜನರಲ್ ಮೆಡಿಸಿನ್) ಬಾಗಿಲಲ್ಲಿ 240, 250 ತಂದವರು ಸಾಲುಗಟ್ಟಿ ನಿಂತಿದ್ದಾರೆ. ಪಾಸಾದ ಪರೀಕ್ಷೆಯನ್ನು ಇನ್ನೊಮ್ಮೆ ಚೆನ್ನಾಗಿ ಬರೀತೀನಿ ಅಂದರೆ ಬಿಡೋದಿಲ್ಲ. ಫೇಲಾದದ್ದು ಟ್ರಾನ್ಸ್‌ಕ್ರಿಪ್ಟ್‌ನಿಂದ ಅಳಿಯೋದೂ ಇಲ್ಲ. ಅದಕ್ಕೆ ಹರಕೆ ಹೊತ್ತು ಪ್ರಯೋಜನ ಇಲ್ಲ.

ಇನ್ನು ಉಳಿದದ್ದು ನೋಡು. ಸ್ಟೆಪ್ 3 ಪರೀಕ್ಷೆ ಅಮೆರಿಕದಲ್ಲಿ ಮಾತ್ರ ನಡೆಯುತ್ತೆ, ನೀನು ಹೇಗೂ ನ್ಯೂಜೆರ್ಸಿಯಲ್ಲಿ ನಿಮ್ಮ ಅಣ್ಣನ ಮನೆಯ ನೆಲಮಾಳಿಗೆಯಲ್ಲಿದ್ದೀಯ. ಆಗಸ್ಟ್ ಒಳಗೆ ಬರೆದು ಬಿಸಾಡು. ಮೊದಲು ಎಚ್-1ಬಿ ಅನ್ನೋ ಕೆಲಸದ ವೀಸಾಕ್ಕಾಗಿ ಬರೆಯುತ್ತಿದ್ದರು. 2025ರ ಸೆಪ್ಟೆಂಬರಿನಲ್ಲಿ ಆ ವೀಸಾಕ್ಕೆ ಲಕ್ಷ ಡಾಲರ್ ಅಂತ ಆದೇಶ ಬಂದ ಮೇಲೆ ಅದರ ಆಸೆ ಬಿಡು, ತರಬೇತಿಗೆ ಕೊಡುವ ಜೆ-1 ವೀಸಾ ಸಿಕ್ಕರೆ ಕೈ ಮುಗಿ. ಆದರೂ ಬರಿ. ಒಮ್ಮೆ ಫೇಲಾದವನು ಮುಂದಿನ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದ್ದಾನೆ ಅನ್ನೋದು, ನೀನು ಬರೆಯುವ ಯಾವ ಕಣ್ಣೀರಿಗಿಂತ ಮೇಲು. ಸೆಪ್ಟೆಂಬರ್ ಕೊನೆಗೆ ಆಸ್ಪತ್ರೆಗಳು ಅರ್ಜಿ ತೆರೆಯುವಾಗ ಆ ರಿಸಲ್ಟ್ ಒಳಗಿರಬೇಕು.

ಆಮೇಲೆ ನಿನ್ನ ಸಿಗ್ನಲ್ ಪಟ್ಟಿ. 'ನಿಮ್ಮಲ್ಲಿಗೇ ಬರಬೇಕು ಅಂತ ಆಸೆ' ಅಂತ ಹೇಳಿಕೊಳ್ಳೋಕೆ ಇಂಟರ್ನಲ್ ಮೆಡಿಸಿನ್‌ನವರಿಗೆ 3 ಚಿನ್ನದ ಸಿಗ್ನಲ್, 12 ಬೆಳ್ಳಿಯದು. ನೀನು ಮೂರು ಚಿನ್ನವನ್ನೂ ಹೆಸರು ಕೇಳಿದರೆ ನಡುಕ ಬರುವ ಆಸ್ಪತ್ರೆಗಳಿಗೆ ಎತ್ತಿಟ್ಟಿದ್ದೀಯ. ಯಾಕೋ? ಸಣ್ಣ ಊರಿನ ಆಸ್ಪತ್ರೆಗಳ ವೆಬ್‌ಸೈಟ್ ತೆಗೆದು ಅಲ್ಲಿ ಈಗಿರುವ ರೆಸಿಡೆಂಟ್‌ಗಳ ಫೋಟೊ ನೋಡು. ಎಷ್ಟು ಜನ ಹೊರಗಿನ ಕಾಲೇಜಿನವರು, ಕರ್ನಾಟಕದವರು ಯಾರಾದರೂ ಇದ್ದಾರಾ ನೋಡು. ಇದ್ದರೆ ಸುಮ್ನೆ ಒಂದು ಮೇಲ್ ಹಾಕು. ಫ್ಯಾಮಿಲಿ ಮೆಡಿಸಿನ್‌ಗೂ ಹಾಕು, ಆದರೆ ಬೇರೆ ಸ್ಟೇಟ್‌ಮೆಂಟ್ ಬರೆದು. ಸಿಕ್ಕಸಿಕ್ಕ ಕಡೆ ಅರ್ಜಿ ಎರಚಬೇಡ. ಮೊದಲ 30ಕ್ಕೆ ತಲಾ 11 ಡಾಲರ್, ಆಮೇಲೆ ಒಂದೊಂದಕ್ಕೂ 30. ನೂರೈವತ್ತು ಹಾಕಿದರೆ ಮೂರು ಲಕ್ಷ ರೂಪಾಯಿ ದಾಟುತ್ತೆ. ಫೇಲಾದವರು ಬೇಡ, ಕಾಲೇಜು ಬಿಟ್ಟು ಐದು ವರ್ಷ ದಾಟಿದವರು ಬೇಡ ಅಂತ ಫಿಲ್ಟರ್ ಹಾಕಿಕೊಂಡ ಕಡೆ ನಿನ್ನ ಅರ್ಜಿಯನ್ನು ಮನುಷ್ಯರು ಯಾರೂ ತೆರೆಯೋದೇ ಇಲ್ಲ. ಅದನ್ನು ಮೊದಲೇ ವಿಚಾರಿಸಿಕೋ.

ಶಿಫಾರಸು ಪತ್ರದ ಬಗ್ಗೆ ಒಂದೇ ಮಾತು. ದುಡ್ಡು ಇಸ್ಕೊಂಡು ಮೂಲೆಯಲ್ಲಿ ನಿಲ್ಲಿಸಿ, ಕೊನೆಗೆ ಎಲ್ಲರಿಗೂ ಒಂದೇ ಥರ ಬರೆದುಕೊಡುವ ದೊಡ್ಡ ಹೆಸರಿಗಿಂತ, ನೀನು ರೋಗಿ ಜೊತೆ ಮಾತಾಡಿದ್ದನ್ನು ಕಣ್ಣಾರೆ ನೋಡಿದ ಸಣ್ಣ ಡಾಕ್ಟರ್ ವಾಸಿ.

ಈಗ ಸ್ಟೇಟ್‌ಮೆಂಟಿಗೆ ಬರೋಣ. ಅಜ್ಜಿಯನ್ನು ಬದುಕಿಸು. ಅಲ್ಲಿ ನಮ್ಮ ಇಂಟರ್ನ್‌ಶಿಪ್ಪಿನ ಆ ನೀಲಿ ಉಗುರಿನವನನ್ನು ಬರಿ. ನೆನಪಿದೆಯಾ, ಕ್ಯಾಶುವಲ್ಟಿಗೆ ಜ್ವರ ಅಂತ ಬಂದವನ ಹತ್ತೂ ಉಗುರು ನೀಲಿ ಇದ್ದದ್ದು ನೋಡಿ ನೀನು ಓಡಿಹೋಗಿ ಆಕ್ಸಿಜನ್ ಹಚ್ಚಿದ್ದು. ಆಕ್ಸಿಮೀಟರ್ ಒಂದೊಂದೇ ಬೆರಳಿಗೆ ಹಾಕುತ್ತಾ, ಆಕ್ಸಿಜನ್ ಸರಿಯಾಗೇ ಇದೆ ಅಂತ ತೋರಿಸಿದ ಮಷೀನೇ ಕೆಟ್ಟಿದೆ ಅಂತ ಕೂಗಿದ್ದು. ಸಿಸ್ಟರ್ ಬಂದು ಅವನ ಮಾಸ್ಕ್ ಸರಿಸಿ 'ಎಲ್ಲಿ ಕೆಲಸಪ್ಪ?' ಅಂತ ಕೇಳಿದರು. 'ಜೀನ್ಸ್ ವಾಷಿಂಗ್‌ದಾಗ ಮೇಡಂ.' ಆಮೇಲೆ ನೀನು ಪ್ರತಿ ರೋಗಿಗೂ ಮೊದಲು ಕೆಲಸ ಏನು ಅಂತಲೇ ಕೇಳುತ್ತಿದ್ದೆ. ಅದನ್ನು ಬರಿಯೋ. ಬಳ್ಳಾರಿಯವನು ಬಿಟ್ಟರೆ ಇನ್ಯಾರೂ ಬರೆಯೋಕಾಗದ ಪ್ಯಾರಾ ಅದು. ಫೇಲಾದ ವಿಷಯಕ್ಕೆ ಎರಡು ಸಾಲು ಸಾಕು: ಫೇಲಾದೆ, ಆಮೇಲೆ ಓದುವ ರೀತಿ ಹೀಗೆ ಬದಲಿಸಿಕೊಂಡೆ. ಯಾರ ತಲೆ ಮೇಲೂ ಹಾಕಬೇಡ.

ಇಷ್ಟು ಬರೆದು ಪತ್ರ ಮುಗಿಸಬೇಕಿತ್ತು.

ನನಗೆ ಬಂದಿತ್ತಲ್ಲ, ಪೆನ್ಸಿಲ್ವೇನಿಯಾದ ಇಂಟರ್ವ್ಯೂ. ಇಲ್ಲಿ ರಾತ್ರಿ ಎಂಟು ಗಂಟೆ. ಕುಕ್ಕರ್ ವಿಸಿಲ್ ಕೇಳಿಸೀತು ಅಂತ ಅವ್ವ ಅವತ್ತು ಬೇಳೆಯನ್ನು ಬೋಗುಣಿಯಲ್ಲೇ ಬೇಯಿಸಿದ್ದಳು. ಆಕೆ, ಆ ಪ್ರೋಗ್ರಾಂ ಡೈರೆಕ್ಟರ್, ಅದೇ ಅಲ್ಲಿಯ ತರಬೇತಿಯ ಮುಖ್ಯಸ್ಥೆ, ಮೊದಲ ಸಲ ಯಾಕೆ ಫೇಲಾದಿರಿ ಅಂತ ಮೆತ್ತಗೆ ಕೇಳಿದರು. ನಾನು ಅಪ್ಪನ ಹಾರ್ಟ್ ಬಗ್ಗೆ ಹೇಳಿದೆ. ಸ್ಟೆಂಟ್ ಹಾಕಿಸಿದ್ದು, ಐಸಿಯು ಹೊರಗೆ ಪುಸ್ತಕ ಹಿಡಿದು ಕೂತದ್ದು. ಅವರ ಮುಖ ಕರಗಿತು. ನನಗೂ ಗಂಟಲು ಕಟ್ಟಿತು, ಅಷ್ಟು ಚೆನ್ನಾಗಿ ಹೇಳಿದ್ದೆ.

ನನ್ನ ಪರೀಕ್ಷೆ ಆಗಿದ್ದು ಬೇಸಿಗೆಯಲ್ಲಿ. ಅಪ್ಪನಿಗೆ ಸ್ಟೆಂಟ್ ಹಾಕಿದ್ದು ದೀಪಾವಳಿ ಆದ ಮೇಲೆ. ಕ್ವೆಶ್ಚನ್ ಬ್ಯಾಂಕ್ ಅರ್ಧಕ್ಕೇ ಬಿಟ್ಟು, ಪ್ರಾಕ್ಟೀಸ್ ಟೆಸ್ಟಿನಲ್ಲಿ ಕಡಿಮೆ ಬಂದರೂ ಡೇಟ್ ಬುಕ್ ಆಗಿದೆ ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದವನು ನಾನು. ಇದು ನಿನಗೂ ಗೊತ್ತಿರಲಿಲ್ಲ, ಅಲ್ವಾ?

ಯಾರಿಗೆ ಸೀಟು ಸಿಕ್ಕಿದೆ ಅಂತ ತಿಳಿಸುವ ಮಾರ್ಚಿನ ಆ ಸೋಮವಾರ ಸಂಜೆ ಏಳೂವರೆಗೆ ಮೇಲ್ ಬಂತು, ಸೀಟಿಲ್ಲ ಅಂತ. ಯಾಕಪ್ಪ ಹೋಗಲಿಲ್ಲ ಅಂತ ಓಣಿಯವರು ಕೇಳಿದಾಗ ಕಥೆ ಬಾಯಲ್ಲಿ ಸಿದ್ಧವಾಗಿತ್ತು. 'ಅಪ್ಪಗೆ ಆರಾಮ ಇಲ್ಲ.' ಸುಳ್ಳೂ ಅಲ್ಲ ನೋಡು. ಕೌಲ್ ಬಜಾರಿನಲ್ಲಿ ಕ್ಲಿನಿಕ್ ತೆರೆಯುವ ಹೊತ್ತಿಗೆ ಕಥೆ ನನ್ನ ಕೈ ಮೀರಿ ಬೆಳೆದಿತ್ತು. ಹೋದ ರಾಜ್ಯೋತ್ಸವಕ್ಕೆ ಕರೆದು ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕಿನವರು 'ಅಮೆರಿಕದ ಕೋಟಿ ಸಂಬಳ ಒದ್ದು ಹೆತ್ತ ತಂದೆಯ ಸೇವೆಗೆ ನಿಂತ ಸುಪುತ್ರ' ಅಂದರು. ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಕೈ ಮುಗಿದೆ.

ವಾಪಸ್ ಬರುವಾಗ ಗಡಗಿ ಚನ್ನಪ್ಪ ಸರ್ಕಲ್ಲಿನಲ್ಲಿ ಸಿಗ್ನಲ್ ಬಿತ್ತು. ಸ್ಕೂಟರಿನ ಹಿಂದಿನಿಂದ ಅಪ್ಪ ಹೇಳಿದರು: 'ಅಲ್ಲೋ, ನನ್ ಸಲುವಾಗಿ ನೀ ಹೋಗಲಿಲ್ಲ ಅಂತ ನನಗ ಗೊತ್ತೇ ಇರಲಿಲ್ಲ ನೋಡು.'

ಅವತ್ತಿನಿಂದ ಅವರು ಮಾತ್ರೆಗೆ ನನ್ನನ್ನು ಕೇಳೋದಿಲ್ಲ, ತಾವೇ ಡಬ್ಬಿ ತೆಗೆದು ನುಂಗುತ್ತಾರೆ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮುತ್ತಾರೆ. ತಾವು ಆರಾಮ ಇದ್ದೇವೆ ಅಂತ ತೋರಿಸೋಕೆ ಬೆಳಿಗ್ಗೆ ಎದ್ದು ಕೋಟೆ ಗುಡ್ಡದ ಬುಡದವರೆಗೆ ನಡೆದು ಬರುತ್ತಾರೆ. ಮಗ ಇನ್ನೂ ಹೋಗಬಹುದು, ತಾನು ಅಡ್ಡ ಆಗಬಾರದು ಅಂತ. ನಾನು ಇನ್ನೂ ನಿಜ ಹೇಳಿಲ್ಲ. ನಿನ್ನ ಅಜ್ಜಿ ಸತ್ತ ಸಾಲು ಓದಿ ನಗುತ್ತಾ ಕೂತವನು, ರಾತ್ರಿ ಊಟ ಮಾಡದೆ ಎದ್ದೆ.

ಸರಿ, ಸಾಕು. ಶಾಲು ಹೊದಿಸಿದ ಹಿರಿಯರು ಇದನ್ನು ಓದುತ್ತಿದ್ದರೆ, ಶಾಲು ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ, ಯಾವಾಗ ಬೇಕಾದರೂ ಒಯ್ಯಬಹುದು. ಸೇಬು, ಮೋಸಂಬಿ ಮಾತ್ರ ವಾಪಸ್ ಕೊಡುವ ಸ್ಥಿತಿಯಲ್ಲಿಲ್ಲ. ಅಪ್ಪ ಫೇಸ್‌ಬುಕ್ ನೋಡೋದಿಲ್ಲ. ಪಕ್ಕದ ಮನೆ ಮೇಷ್ಟ್ರು ನೋಡುತ್ತಾರೆ, ಓದಿ ಹೇಳುವ ಉಮೇದೂ ಅವರಿಗೆ ಜಾಸ್ತಿ. ಮೇಷ್ಟ್ರೇ, ನಮಸ್ಕಾರ.

ನೀನು ಭಾನುವಾರದೊಳಗೆ ಹೊಸ ಡ್ರಾಫ್ಟ್ ಕಳಿಸು. 2025ರಲ್ಲಿ ನಮ್ಮಂಥ ಹೊರದೇಶದವರಲ್ಲಿ ನೂರಕ್ಕೆ ಸುಮಾರು 58 ಜನಕ್ಕೆ ಸೀಟು ಸಿಕ್ಕಿದೆ. ಆ 58ರಲ್ಲಿ ಎಲ್ಲರೂ ನಮ್ಮ ಫಸ್ಟ್ ಬೆಂಚಿನವರ ಥರ ಇರೋಕೆ ಸಾಧ್ಯವಿಲ್ಲ ಬಿಡು. 'ಪ್ಯಾಶನ್' ಅನ್ನೋ ಪದ ಒಂದು ಸಲಕ್ಕಿಂತ ಜಾಸ್ತಿ ಬಂದರೆ ನಾನು ಓದೋದಿಲ್ಲ.

  

ನಿನ್ನ,
ಪಂಪ್ಯಾ